ಫೈವ್ ಸ್ಟಾರ್ ಗಂಡ

ಜಾಹೀರಾತಿಗೆ ಮರುಳಾಗುವ ಜಾತಿಯವನು ನಾನಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವಳ ಕಣ್ಣು ಅಟ್ಟದ ಕಡೆ ಹೋಗುತ್ತದೆ. ಅಟ್ಟದಲ್ಲಿ ಹೊಟ್ಟೆ ಕರಗಿಸುವ ಬೆಲ್ಟು ಇದೆ. ಕಣ್ಣೀರು ಬಾರದ ಹಾಗೆ ಈರುಳ್ಳಿ ಹೆಚ್ಚುವ ಯಂತ್ರ ಇದೆ (ಅದನ್ನು ಜೋಡಿಸುವಾಗ ನನಗೆ ಬಂದ ಕಣ್ಣೀರಿನ ಲೆಕ್ಕ ಬೇರೆ). ಮಂಡಿನೋವಿನ ಒಂದು ಜೊತೆ ಮ್ಯಾಗ್ನೆಟ್ ಚಪ್ಪಲಿಯೂ ಇದೆ. "ಇದೆಲ್ಲ ತನ್ನಷ್ಟಕ್ಕೇ ಮೆಟ್ಟಿಲು ಹತ್ತಿ ಬಂದದ್ದಾ ಮಾರಾಯ್ರೆ?" ಎನ್ನುತ್ತಾಳೆ. ಅವಳು ಪುತ್ತೂರಿನ ಕಡೆಯವಳು. ಆ ಕಡೆಯವರು ಜಗಳವನ್ನೂ ಎಷ್ಟು ಮರ್ಯಾದೆಯಿಂದ ಆಡುತ್ತಾರೆಂದರೆ, ಸೋತ ಮೇಲೂ ಐದು ನಿಮಿಷ ಗೆದ್ದ ಹಾಗೇ ಅನ್ನಿಸುತ್ತಿರುತ್ತದೆ.

ಬೆಲ್ಟು, ಚಪ್ಪಲಿಗಳೆಲ್ಲ ಒಂದು ದಿನದ ಮರುಳು ಬಿಡಿ. ಹುಟ್ಟಿದಾರಭ್ಯ ಬೆನ್ನು ಬಿಡದೆ ಬಂದ ಜಾಹೀರಾತು ಒಂದೇ. ಅದು ಫೈವ್ ಸ್ಟಾರ್ ಚಾಕೊಲೇಟಿನದು.

ಕ್ಯಾಡ್ಬರಿಯವರು ಅದನ್ನು ನಮ್ಮ ದೇಶದ ಅಂಗಡಿಗಳಿಗೆ ಬಿಟ್ಟಿದ್ದು 1969ರಲ್ಲಿ. ನನಗಾಗ ಆರು ವರ್ಷ. ನಮ್ಮದು ತಿಪಟೂರು. ಸಿಹಿ ಎಂದರೆ ಕೊಬ್ಬರಿ ಮಿಠಾಯಿ, ಅದು ಬಿಟ್ಟರೆ ಬೆಲ್ಲದ ಚೂರು, ಅದೂ ಬಿಟ್ಟರೆ ಅಮ್ಮನ ಕಣ್ಣು ತಪ್ಪಿಸಿ ಮುಕ್ಕಿದ ಸಕ್ಕರೆ. ಹತ್ತನೇ ವಯಸ್ಸಿನಲ್ಲಿ ಬೆಂಗಳೂರಿನಿಂದ ಬಂದ ಸೋದರಮಾವ ಜೇಬಿನಿಂದ ಬಂಗಾರದ ಬಣ್ಣದ ಹೊದಿಕೆಯ ಒಂದು ಬಾರ್ ತೆಗೆದು, "ಅಕ್ಕ, ತಮ್ಮ ಇಬ್ಬರೂ ಹಂಚ್ಕೊಳ್ಳಿ" ಎಂದು ನನ್ನ ಕೈಗಿಟ್ಟರು. ನನ್ನ ಕೈಗಿಟ್ಟಿದ್ದೇ ಅವರು ಮಾಡಿದ ತಪ್ಪು. ಅದೇ ಕಾಲದಲ್ಲಿ ಆ ಬಾರನ್ನು ಕಂಪನಿಯವರು ಮಾರುತ್ತಿದ್ದುದು, ಹಂಚಿಕೊಳ್ಳುವುದಕ್ಕೆ ಮನಸ್ಸೇ ಬಾರದಷ್ಟು ರುಚಿ ಎಂದು. ಆ ಇಂಗ್ಲಿಷ್ ಜಾಹೀರಾತನ್ನು ನಾನು ಓದಿದವನೇ ಅಲ್ಲ. ಆದರೂ ಅದರ ಸೂಚನೆಯನ್ನು ಚಾಚೂತಪ್ಪದೆ ಪಾಲಿಸಿದೆ. ಬಾರನ್ನು ಬಚ್ಚಲುಮನೆಯ ಹಂಡೆಯ ಹಿಂದೆ ಬಚ್ಚಿಟ್ಟೆ. ಮಾರನೆಯ ದಿನ ಶಾಲೆಯಿಂದ ಓಡಿಬಂದು ನೋಡಿದರೆ ತಿಪಟೂರಿನ ಇರುವೆಗಳೆಲ್ಲ ಸಾಲಾಗಿ ನಿಂತು ಹಂಚಿಕೊಳ್ಳುತ್ತಿದ್ದವು. ಅಕ್ಕ ಇವತ್ತಿಗೂ ರಾಖಿ ಕಟ್ಟುವಾಗ ಆ ಮಾತೆತ್ತುತ್ತಾಳೆ. ಅವಳಿಗೆ ಅರವತ್ತೈದು.

ಎಂಬತ್ತರ ದಶಕದಲ್ಲಿ ಆ ಚಾಕೊಲೇಟು ತನ್ನ ಮಾತು ಬದಲಿಸಿತು. ಹಂಚಿಕೊಳ್ಳಬೇಡಿ ಎಂದಿದ್ದು ಈಗ ಇಬ್ಬರೂ ಜೊತೆಯಾಗಿ ತಿನ್ನಿ, ಜೊತೆಯಾಗಿರುವುದರ ರುಚಿ ನಾಲಿಗೆಯ ಮೇಲೆ ಉಳಿಯುತ್ತದೆ ಎನ್ನತೊಡಗಿತು. ಹುಡುಗ, ಹುಡುಗಿ, ನಡುವೆ ಒಂದು ಬಾರ್. ಬ್ಯಾಂಕಿನ ಕೆಲಸ ಸಿಕ್ಕಿ ಮೈಸೂರಿಗೆ ಬಂದಿದ್ದ ನನಗೆ ಹುಡುಗಿ ಒಬ್ಬಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. 1991ರ ಮೇ ತಿಂಗಳಲ್ಲಿ ಪುತ್ತೂರಿನ ಹತ್ತಿರದ ಒಂದು ತೋಟದಮನೆಗೆ ಹೆಣ್ಣು ನೋಡಲು ಹೊರಟಾಗ, ಹಣ್ಣು, ಹೂವು, ಮೈಸೂರುಪಾಕು ಹಿಡಿದ ಹಿರಿಯರಿಗೆ ಗೊತ್ತಾಗದ ಹಾಗೆ ನಾನು ಹೊಸ ಬಿಳಿ ಶರ್ಟಿನ ಜೇಬಿನಲ್ಲಿ ಫೈವ್ ಸ್ಟಾರ್ ಇಟ್ಟುಕೊಂಡಿದ್ದೆ.

ಚಾಕೊಲೇಟಿನಲ್ಲಿರುವ ಕೊಕ್ಕೋ ಬೆಣ್ಣೆ ನಮ್ಮ ಮೈಬಿಸಿಗಿಂತ ಸ್ವಲ್ಪ ಕಡಿಮೆ ಬಿಸಿಗೇ ಕರಗುತ್ತದೆ. ಅದು ಬಾಯಲ್ಲಿಟ್ಟರೆ ನೀರಾಗುವ ಗುಟ್ಟು ಇದೇ. ಜೇಬಿನಲ್ಲಿಟ್ಟರೂ ನೀರಾಗುವ ಗುಟ್ಟು ಇದೇ ಎಂದು ನನಗೆ ತಿಳಿದದ್ದು ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ. ತಂಪು ಮುಗಿದು ಕರಾವಳಿಯ ಸೆಕೆ ಬಸ್ಸಿನ ಕಿಟಕಿಯಿಂದ ಒಳಗೆ ಬಂತು. ಪುತ್ತೂರಿನಲ್ಲಿ ಇಳಿಯುವ ಹೊತ್ತಿಗೆ ನನ್ನ ಎದೆಯ ಎಡಭಾಗದಲ್ಲಿ ಅಂಗೈಯಗಲ ಕಂದು ಕಲೆ. ಜಗಲಿಯಲ್ಲಿ ಕೂತಿದ್ದ ಹುಡುಗಿಯ ತಂದೆ ಬಹಳ ಹೊತ್ತು ಅದನ್ನೇ ನೋಡಿ, "ಪೆನ್ನು ಸೋರ್ತದೆ ಕಾಣ್ತದೆ" ಎಂದರು. ಹೌದು ಎಂದೆ. "ಕಂದು ಶಾಯಿ ಬ್ಯಾಂಕಲ್ಲಿ ಉಪಯೋಗಿಸ್ತಾರಾ?" ಅದಕ್ಕೂ ಹೌದು ಎಂದೆ. ಮದುವೆಗೆ ಮುಂಚೆಯೇ ಮಾವನ ಎದುರು ಎರಡು ಸುಳ್ಳು ಹೇಳಿದ ಅಳಿಯ ನಾನು.

ಹುಡುಗಿ ಮಾತ್ರ ಮೂಗಿನಿಂದಲೇ ಕಂಡುಹಿಡಿದಳು. ಇಬ್ಬರೇ ಮಾತಾಡಿ ಎಂದು ಹಿರಿಯರು ಅಂಗಳಕ್ಕೆ ಕಳಿಸಿದಾಗ ನಾನು ಜೇಬಿನ ಅವಶೇಷ ತೆಗೆದು ಕೊಟ್ಟು, ಪಟ್ಟಣದವನ ಗತ್ತಿನಲ್ಲಿ ಚಾಕೊಲೇಟ್ ಎಂದರೇನು, ಅದನ್ನು ಯಾವುದರಿಂದ ಮಾಡುತ್ತಾರೆ ಎಂದು ವಿವರಿಸಿದೆ. ಅವಳು ಕೊನೆಯವರೆಗೂ ಸುಮ್ಮನೆ ಕೇಳಿ, "ಬನ್ನಿ" ಎಂದು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಅಡಕೆ ಮರಗಳ ನೆರಳಿನಲ್ಲಿ ಸಾಲು ಕೊಕ್ಕೋ ಗಿಡ. ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡ ಹಳದಿ ಕಾಯಿಗಳು. ಅವಳು ಒಂದನ್ನು ಕೊಯ್ದು ಕಲ್ಲಿಗೆ ಕುಟ್ಟಿ ಒಡೆದು, ಬಿಳಿ ತಿರುಳು ಮೆತ್ತಿದ ಬೀಜ ಕೈಗಿಟ್ಟು, "ಚೀಪಿ. ಬೀಜ ಉಗಿಯಿರಿ, ನುಂಗಬೇಡಿ" ಎಂದಳು. ಹುಳಿ ಸಿಹಿ, ಸ್ವಲ್ಪ ಲಿಚಿಯ ಹಾಗೆ. ನಾನು ಒಂದು ಬೀಜ ನುಂಗಿದೆ.

ಆಮೇಲೆ ತಿಳಿಯಿತು, ಆ ತೋಟಕ್ಕೂ ನನ್ನ ಜೇಬಿಗೂ ಹಳೆಯ ನಂಟಿದೆ ಎಂದು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಕೇರಳದ, ದಕ್ಷಿಣ ಕನ್ನಡದ ತೋಟಗಾರರಿಗೆ ಕೊಕ್ಕೋ ನೆಡಿ ಎಂದು ಹುರುಪು ತುಂಬಿದವರಲ್ಲಿ ಕ್ಯಾಡ್ಬರಿಯವರೇ ಮುಂದಿದ್ದರು. ಎಂಬತ್ತರ ಹೊತ್ತಿಗೆ ಬೆಲೆ ನೆಲಕಚ್ಚಿದಾಗ ಮಂಗಳೂರಿನ ಕ್ಯಾಂಪ್ಕೊ ಸಹಕಾರ ಸಂಸ್ಥೆ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಂದರೆ ನಾನು ಚಾಕೊಲೇಟ್ ಕಾರ್ಖಾನೆಯ ಊರಿಗೆ, ಕೊಕ್ಕೋ ತೋಟದ ಮನೆಗೆ, ಕರಗಿದ ಚಾಕೊಲೇಟು ಹೊತ್ತುಕೊಂಡು ಹೋಗಿ ಚಾಕೊಲೇಟಿನ ಪಾಠ ಹೇಳಿದ್ದೆ. ಆದರೂ ಅವಳು ಒಪ್ಪಿದಳು. ಯಾಕೆ ಎಂದು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. "ಪಾಪ ಕಂಡಿತು" ಎನ್ನುತ್ತಾಳೆ.

ಎರಡು ಸಾವಿರದ ಇಸವಿಯ ಆಚೆ ಟೀವಿಗೆ ರಮೇಶ್, ಸುರೇಶ್ ಬಂದರು. ನಮ್ಮ ಕಾಲದ ಗಣಿತ ಪುಸ್ತಕದಲ್ಲಿ ಮಾವಿನಹಣ್ಣು ಹಂಚಿಕೊಳ್ಳುತ್ತಿದ್ದ ಹೆಸರುಗಳೇ ಈಗ ಚಾಕೊಲೇಟಿಗೆ ಬಿದ್ದಿದ್ದವು. ದರ್ಜಿಯ ಅಂಗಡಿಗೆ ಅಪ್ಪನ ಪ್ಯಾಂಟು ತಂದು, ಒಂದು ಗೇಣು ಗಿಡ್ಡ ಮಾಡಿ ಎನ್ನುತ್ತಾರೆ. ಫೈವ್ ಸ್ಟಾರ್ ಬಾಯಿಗಿಡುತ್ತಾರೆ, ಈ ಲೋಕ ಮರೆಯುತ್ತಾರೆ. ಎಚ್ಚರವಾದಾಗ ಮತ್ತೆ, ಅಪ್ಪನ ಪ್ಯಾಂಟು ಒಂದು ಗೇಣು ಗಿಡ್ಡ ಮಾಡಿ. ಕೊನೆಗೆ ಅಪ್ಪನಿಗೆ ಉಳಿಯುವುದು ಚಡ್ಡಿ. ತಿಂದವರು ಕಳೆದುಹೋಗುತ್ತಾರೆ ಎಂಬುದು ಸಾರಾಂಶ. ನಾನು ಆ ಜಾಹೀರಾತಿಗೆ ಬಿದ್ದು ಬಿದ್ದು ನಕ್ಕೆ. ನನ್ನ ಭಾವಮೈದ ನಮ್ಮಲ್ಲಿಗೆ ಬಂದಿದ್ದ, ಅವನೂ ನಕ್ಕ. ಅಡುಗೆಮನೆಯಿಂದ ಒಂದು ತಲೆ ಹೊರಗೆ ಬಂದು, "ಇದರಲ್ಲಿ ನಗುವಂಥದ್ದು ಎಂತ ಉಂಟು? ನಿಮ್ಮಿಬ್ಬರದ್ದೇ ವಿಡಿಯೊ ತೆಗೆದು ಹಾಕಿದ್ದಾರೆ" ಎಂದಿತು.

ಅದು ಕುಕ್ಕರಿನ ಮಾತು. ಅದರ ಹಿಂದಿನ ವಾರವಷ್ಟೇ ಕುಕ್ಕರಿಗೆ ಗ್ಯಾಸ್ಕೆಟ್ ತರಲು ನಮ್ಮಿಬ್ಬರನ್ನೂ ಕಳಿಸಿದ್ದಳು. ದಾರಿಯಲ್ಲಿ ಕ್ರಿಕೆಟ್ ಮಾತು ಶುರುವಾಗಿ ದ್ರಾವಿಡ್ ಮೇಲೋ, ಲಕ್ಷ್ಮಣ್ ಮೇಲೋ ಎಂಬಲ್ಲಿಗೆ ಬಂದು ನಿಂತಿತ್ತು. ಅಂಗಡಿಯವನು ಎಷ್ಟು ಲೀಟರಿನದು ಎಂದು ಕೇಳಿದಾಗ ನಾನು ಮೂರು ಎಂದೆ, ಭಾವಮೈದ ಐದು ಎಂದ. ಮತ್ತೆ ಕೇಳಿದಾಗ ಅವನು ಮೂರು ಎಂದ, ನಾನು ಐದು ಎಂದೆ. ಲೆಕ್ಕ ಬಲ್ಲ ಅಂಗಡಿಯವನು ಎರಡನ್ನೂ ಕೂಡಿಸಿರಬೇಕು. ನಾವು ತಂದ ಗ್ಯಾಸ್ಕೆಟ್ ನೋಡಿ ಅವಳು, "ಇದು ಕುಕ್ಕರಿಗೆ ಆಗುದಿಲ್ಲ, ನೀವಿಬ್ಬರೂ ಒಟ್ಟಿಗೆ ಕೊರಳಿಗೆ ಹಾಕಿಕೊಳ್ಳಿ" ಎಂದಿದ್ದಳು. ನಾವು ಆವತ್ತು ಏನೂ ತಿಂದಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ರಮೇಶ್, ಸುರೇಶರಿಗೆ ಚಾಕೊಲೇಟಾದರೂ ಬೇಕಿತ್ತು.

ಈ ನಡುವೆ ಚಾಕೊಲೇಟಿನ ಮನೆತನವೂ ಬದಲಾಯಿತು. 1948ರಲ್ಲಿ ಭಾರತಕ್ಕೆ ಬಂದ ಕ್ಯಾಡ್ಬರಿ 2010ರಲ್ಲಿ ಅಮೆರಿಕದ ಕ್ರಾಫ್ಟ್ ಕೈಸೇರಿ, 2012ರಿಂದ ಮಾಂಡಲೀಜ್ ಎಂಬ ಕಂಪನಿಯ ಸೊಸೆಯಾಗಿದೆ. ತವರಿನ ಹೆಸರನ್ನು ಮಾತ್ರ ಹೊದಿಕೆಯ ಮೇಲೆ ಉಳಿಸಿಕೊಂಡಿದೆ. ನನ್ನ ಮನೆತನದಲ್ಲಿ ಆದ ಬದಲಾವಣೆಯೆಂದರೆ, ಡಾಕ್ಟರು ರಕ್ತ ನೋಡಿ, ಸಿಹಿ ಕಡಿಮೆ ಮಾಡಿ ಎಂದರು. ಕಡಿಮೆ ಮಾಡಿ ಎಂಬುದನ್ನು ನಾನು ಕಡಿಮೆ ಕಾಣುವ ಹಾಗೆ ಮಾಡಿ ಎಂದು ಅರ್ಥಮಾಡಿಕೊಂಡೆ.

ಹಾಗಿರುವಾಗ 2019ರ ಸುಮಾರಿಗೆ ನನ್ನ ಬದುಕಿಗೆ ಸಮರ್ಥನೆ ಕೊಡುವಂಥ ಜಾಹೀರಾತು ಬಂತು. ಒಬ್ಬ ಹುಡುಗ ಕೂತು ಫೈವ್ ಸ್ಟಾರ್ ತಿನ್ನುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಅಜ್ಜಿ. ಕೆಳಗೆ ಬಿದ್ದ ಕೋಲು ಎತ್ತಿಕೊಡಪ್ಪ ಎನ್ನುತ್ತಾರೆ. ಅವನು ಏಳುವುದಿಲ್ಲ. ಅಜ್ಜಿ ಗೊಣಗಿಕೊಂಡು ತಾನೇ ಎದ್ದು ಕೋಲಿನ ಹತ್ತಿರ ಹೋಗುತ್ತಲೂ ಮೇಲಿನಿಂದ ಒಂದು ಪಿಯಾನೊ ದೊಪ್ಪೆಂದು ಅವರು ಕೂತಿದ್ದ ಜಾಗಕ್ಕೇ ಬೀಳುತ್ತದೆ! ಅಜ್ಜಿ ಹುಡುಗನಿಗೇ ಥ್ಯಾಂಕ್ಸ್ ಹೇಳುತ್ತಾರೆ. ಒಮ್ಮೊಮ್ಮೆ ಏನೂ ಮಾಡದೆಯೂ ನೋಡಿ ಎಂಬ ಉಪದೇಶ. ಒಂದು ಕಾಲಕ್ಕೆ ಇದೇ ಬಾರನ್ನು ಚೈತನ್ಯ ಬರುತ್ತದೆ, ತಿನ್ನಿ ಎಂದು ಮಾರಿದವರು ಈಗ ಅದನ್ನೇ ತಿಂದು ಮಲಗಿ ಎನ್ನುತ್ತಿದ್ದರು. ಹಾಲು ಕುಡಿದರೆ ಎತ್ತರ, ಸೋಪು ಹಾಕಿದರೆ ಬಿಳುಪು, ಪುಡಿ ಕಲಸಿದರೆ ಬುದ್ಧಿ ಎಂದು ಎಲ್ಲರೂ ಚಾವಟಿ ಹಿಡಿದು ಅಟ್ಟಿಸುವ ಟೀವಿಯಲ್ಲಿ, ಕೂತ್ಕೊಳ್ಳಪ್ಪ, ಪರವಾಗಿಲ್ಲ ಎಂದ ಮೊದಲ ಪುಣ್ಯಾತ್ಮರು ಇವರೇ ಎಂದು ನನಗೆ ಕಣ್ಣು ಒದ್ದೆಯಾಯಿತು. ಜಾಹೀರಾತಿಗೆ ನಾನು ಮರುಳಾಗುವವನಲ್ಲ, ಆದರೆ ಸತ್ಯ ಎಲ್ಲಿದ್ದರೂ ಒಪ್ಪಬೇಕಲ್ಲ.

ಮುಂದಿನ ಭಾನುವಾರವೇ ಪ್ರಯೋಗಕ್ಕೆ ಅವಕಾಶ ಸಿಕ್ಕಿತು. "ಅಟ್ಟದಿಂದ ಮಾವಿನಮಿಡಿ ಭರಣಿ ಇಳಿಸಿಕೊಡಿ" ಎಂದಳು. ನಾನು ಪೇಪರಿನ ಹಿಂದೆ ಕೂತೇ ಇದ್ದೆ. "ಕೇಳ್ತದಾ?" ಕೇಳುತ್ತಿತ್ತು. ನಾನು ಅಲ್ಲಾಡಲಿಲ್ಲ. ಏಣಿ ಹಾಕುವ ಸದ್ದಾಯಿತು. ಹತ್ತುವ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ. ಆ ಮೌನದಲ್ಲಿ ನನಗೆ ನೆನಪಾಯಿತು, ಭರಣಿಯ ಹಿಂದೆ, ಹೊಟ್ಟೆ ಕರಗಿಸುವ ಬೆಲ್ಟಿನ ಡಬ್ಬಿಯಲ್ಲಿ, ಆರು ತಿಂಗಳ ಬಂಗಾರದ ಹೊದಿಕೆಗಳು ಮಡಚಿ ಇಟ್ಟಿವೆ. ಎರಡು ಇಡೀ ಬಾರುಗಳೂ ಇವೆ. ನಮ್ಮ ಮನೆಯಲ್ಲಿ ಪಿಯಾನೊ ಬಿದ್ದದ್ದು ಕೂತಿದ್ದವನ ತಲೆಯ ಮೇಲೆ.

ಅಂದಿನಿಂದ ಅಡಗುತಾಣ ಬದಲಿಸಿದ್ದೇನೆ. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಕೊಡೆಯ ಮಡಿಕೆಯೊಳಗೆ. ಮೈಸೂರಿನಲ್ಲಿ ಮುಂಗಾರಿನ ತನಕ ಯಾರೂ ಕೊಡೆ ಮುಟ್ಟುವುದಿಲ್ಲ. ಇದು ಓದುಗರ ಹೊಟ್ಟೆಯಲ್ಲೇ ಇರಲಿ.

ಕೊರೊನಾ ಮುಗಿಯುತ್ತ ಬಂದಂತೆ ಈ ಚಾಕೊಲೇಟಿನವರು ಪ್ರೇಮಿಗಳ ದಿನದ ಮೇಲೆ ಯುದ್ಧ ಸಾರಿದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಮಗಳು ಒಂದೊಂದೇ ಜಾಹೀರಾತನ್ನು ಫೋನಿಗೆ ಕಳಿಸುತ್ತಿದ್ದಳು. 2022ರಲ್ಲಿ ನಮ್ಮ ಕರ್ನಾಟಕದ ಕರಾವಳಿಯ ಒಂದು ದ್ವೀಪಕ್ಕೆ 'ನನ್ನ ಕಸಿನ್ ಮದುವೆ' ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟರು. ಫೆಬ್ರುವರಿ 14ರಂದು ಯಾರಾದರೂ ಎಲ್ಲಿಗೆ ಹೊರಟೆ ಎಂದರೆ, ಕಸಿನ್ ಮದುವೆಗೆ ಎಂದು ಸುಳ್ಳು ಹೇಳದೆ ತಪ್ಪಿಸಿಕೊಳ್ಳಬಹುದಲ್ಲ! ಉಪಾಯ ಒಳ್ಳೆಯದೇ, ಆದರೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಕನ್ನಡದಲ್ಲಿ ಕಸಿನ್ ಎಂಬ ಪ್ರಾಣಿಯೇ ಇಲ್ಲ. ದೊಡ್ಡಪ್ಪನ ಮಗನೋ, ಸೋದರತ್ತೆಯ ಮಗಳೋ, ಚಿಕ್ಕಮ್ಮನ ಮಗನೋ ಎಂಬಲ್ಲಿಂದ ತನಿಖೆ ಶುರುವಾಗಿ, ಊಟ ಯಾರ ಕಡೆಯದು, ಹೋದ ಸಲ ಅವರು ನಮ್ಮ ಗೃಹಪ್ರವೇಶಕ್ಕೆ ಎಷ್ಟು ಓದಿಸಿದ್ದರು ಎಂಬಲ್ಲಿಗೆ ಮುಟ್ಟುತ್ತದೆ. ಅದಕ್ಕಿಂತ ಪ್ರೇಮಿಗಳ ದಿನ ಆಚರಿಸುವುದೇ ಸುಲಭ. ನನಗೆ ಬೇಕಾಗಿರುವುದು ನಿಜವಾದ ಕಸಿನ್ ಮದುವೆಗಳಿಂದ ತಪ್ಪಿಸಿಕೊಳ್ಳುವ ದ್ವೀಪ. ಮೇ ತಿಂಗಳಲ್ಲಿ ಹನ್ನೊಂದು ಇರುತ್ತವೆ.

2024ರಲ್ಲಿ ಹಡಗು ಹೊರಡಿಸಿದರು. ಇಸ್ರೊದಲ್ಲಿದ್ದ ಹಿರಿಯ ವಿಜ್ಞಾನಿ ನಂಬಿ ನಾರಾಯಣನ್ ಅವರೇ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. ಪೆಸಿಫಿಕ್ ಸಾಗರದಲ್ಲಿ ಅಮೆರಿಕನ್ ಸಮೋವಾ, ಸಮೋವಾ ಎಂದು ಎರಡು ನೆರೆಹೊರೆ. ನಡುವೆ ಅಂತರರಾಷ್ಟ್ರೀಯ ದಿನಾಂಕ ರೇಖೆ ಹಾಯುವುದರಿಂದ ಗಡಿಯಾರದಲ್ಲಿ ಪೂರ್ತಿ 24 ಗಂಟೆಯ ಅಂತರ. ಆ ಕಡೆ 13ನೇ ತಾರೀಕು ಮುಗಿಯುವ ಗಳಿಗೆಗೆ ಗೆರೆ ದಾಟಿದರೆ ಈ ಕಡೆ ಹುಟ್ಟುವುದು 15. ನಡುವಿನ ಪ್ರೇಮಿಗಳ ದಿನ ಮಂಗಮಾಯ. ಮಗಳು ಇದನ್ನು ಅದ್ಭುತ ಎಂಬಂತೆ ಹೇಳಿದಳು. ನಾನು ಒಂಟಿಕೊಪ್ಪಲ್ ಪಂಚಾಂಗ ತೆಗೆದು ತೋರಿಸಿದೆ. ಒಂದು ಸೂರ್ಯೋದಯವನ್ನೂ ಕಾಣದೆ ಮುಗಿದುಹೋಗುವ ತಿಥಿಗೆ ಕ್ಷಯತಿಥಿ ಎನ್ನುತ್ತಾರಮ್ಮ, ನಮ್ಮಲ್ಲಿ ಹಡಗು ಹತ್ತದೆಯೇ ದಿನ ಹಾರಿಸುತ್ತೇವೆ ಎಂದೆ. "ಹೌದು, ನಿಮ್ಮ ಅಪ್ಪ ನಮ್ಮ ಮದುವೆಯ ದಿನವನ್ನೂ ಹಾಗೆಯೇ ಹಾರಿಸಿಕೊಂಡು ಬಂದಿದ್ದಾರೆ" ಎಂದು ಅಡುಗೆಮನೆ ನುಡಿಯಿತು.

ಇಲ್ಲೊಂದು ಮಾತು ಹೇಳಿಬಿಡಬೇಕು. ಪ್ರೇಮಿಗಳ ದಿನ ಬೇಡ ಎಂದು ಫೈವ್ ಸ್ಟಾರ್ ಕೈಯಲ್ಲಿ ಹೇಳಿಸುವ ಕಂಪನಿಯೇ, ಪ್ರೇಮಿಗಳ ದಿನಕ್ಕೆ ಡೇರಿ ಮಿಲ್ಕ್ ಸಿಲ್ಕ್ ಕೊಡಿ ಎಂದು ಹೃದಯದ ಚಿತ್ರ ಹಾಕಿ ಮಾರುತ್ತದೆ. ಪ್ರೀತಿಸುವವನು ಒಂದನ್ನು ಕೊಳ್ಳಬೇಕು, ಪ್ರೀತಿಯಿಂದ ಓಡುವವನು ಇನ್ನೊಂದನ್ನು. ಅಡಕತ್ತರಿಗೆ ಎರಡು ತೋಳು, ಹಿಡಿಯುವ ಕೈ ಒಂದೇ. ನಡುವಿನ ಗೋಟಡಕೆ ನಾವು. ಇದನ್ನು ಕಂಡುಹಿಡಿದಾಗ ನನಗೆ ಭಾರಿ ಹೆಮ್ಮೆಯಾಗಿ ಹೆಂಡತಿಗೆ ವಿವರಿಸಿದೆ. ಅವಳು, "ನಿಮ್ಮ ಡಬ್ಬಿಯಲ್ಲಿ ಎರಡರದ್ದೂ ಕಾಗದ ಇತ್ತಲ್ಲ?" ಎಂದಳು.

ಕೊನೆಗೆ ಬಂತು 2025. ಆ ಸಲದ ತರ್ಕ ಬಹಳ ಸರಳ. ಯಾವುದೇ ಹೊಸ ಖಯಾಲಿಗೆ ಅಂಕಲ್‌ಗಳು ಕೈಹಾಕಿದರೆಂದರೆ ಹುಡುಗರು ಅದನ್ನು ಬಿಟ್ಟು ಓಡುತ್ತಾರೆ. ಆದ್ದರಿಂದ ಪ್ರೇಮಿಗಳ ದಿನವನ್ನು ಮುಗಿಸಬೇಕಾದರೆ ದೇಶದ ಅಂಕಲ್‌ಗಳೆಲ್ಲ ಅದನ್ನು ಆಚರಿಸಲಿ! ಮಗಳು ಕಳಿಸಿದ ಈ ಜಾಹೀರಾತನ್ನು ನಾನು ಮೂರು ಸಲ ನೋಡಿದೆ. ಹಂಚಿಕೊಳ್ಳದ ಹುಡುಗನಾಗಿ, ಜೊತೆ ಹುಡುಕುವ ಯುವಕನಾಗಿ, ಕಳೆದುಹೋಗುವ ರಮೇಶನಾಗಿ, ಏನೂ ಮಾಡದ ಗೃಹಸ್ಥನಾಗಿ ಕಂಪನಿಯವರು ಹೇಳಿದ್ದನ್ನೆಲ್ಲ ಮಾಡಿದ ಮೇಲೆ, ಈಗ ನನ್ನನ್ನೇ ಆಯುಧವಾಗಿ ಆರಿಸಿದ್ದರು. ತರ್ಕದಲ್ಲಿ ಹುರುಳಿತ್ತು. ನಾನು ಫೇಸ್‌ಬುಕ್ಕಿಗೆ ಸೇರಿದ ವಾರ ಮಗಳು ಅದನ್ನು ಬಿಟ್ಟಿದ್ದಳು. ನಾನು ಹರಿದ ಜೀನ್ಸ್ ಕೊಂಡ ದಿನ ಅವಳು ತನ್ನದನ್ನು ನೆಲ ಒರೆಸಲು ಹಾಕಿದ್ದಳು.

ಸೇವೆಗೆ ಸಿದ್ಧನಾದೆ. ಅಂಗಡಿಯಿಂದ ತಂದುಕೊಡುವುದು ಯಾವ ಅಂಕಲ್‌ಗೂ ಸಾಧ್ಯ, ಕ್ಯಾರಮೆಲ್ಲನ್ನು ನಾನೇ ಮಾಡುತ್ತೇನೆ ಎಂದು 12ನೇ ತಾರೀಕು ಸಂಜೆ ಬಾಣಲೆ ಇಟ್ಟೆ. ಸಕ್ಕರೆ ಕರಗಿಸಿ ಕಂದು ಬಣ್ಣಕ್ಕೆ ತರಬೇಕು, ಕೆನೆ ಮತ್ತು ಬೆಣ್ಣೆ ಹಾಕಬೇಕು, 118 ಡಿಗ್ರಿಗೆ ಇಳಿಸಬೇಕು ಎಂದು ವಿಡಿಯೊದಲ್ಲಿತ್ತು. ನಮ್ಮ ಮನೆಯಲ್ಲಿದ್ದುದು ಜ್ವರ ನೋಡುವ ಥರ್ಮಾಮೀಟರು. ಅದನ್ನು ಪಾಕಕ್ಕೆ ಅದ್ದಲು ಹೋದ ನನ್ನ ಕೈ ಹಿಡಿದು ಅವಳು, "ಬಟ್ಟಲಲ್ಲಿ ತಣ್ಣೀರು ಇಟ್ಟುಕೊಳ್ಳಿ, ಒಂದು ಹನಿ ಬಿಡಿ, ಬೆರಳಲ್ಲಿ ಮೆತ್ತಗೆ ಉಂಡೆ ಕಟ್ಟಿದರೆ ಇಳಿಸಿ. ಅಷ್ಟೇ ನಿಮ್ಮ ನೂರಾಹದಿನೆಂಟು" ಎಂದಳು. ಒಂದೆಳೆ, ಎರಡೆಳೆ, ಉಂಡೆಪಾಕ ಎಂದು ಬೆರಳ ತುದಿಯಲ್ಲಿ ಡಿಗ್ರಿ ಇಟ್ಟುಕೊಂಡವರಿಗೆ ಕ್ಯಾರಮೆಲ್ ಎಂದರೆ ಕೆಟ್ಟುಹೋದ ಪಾಕ. ಕೆಡಿಸಿದ್ದನ್ನು ಯಾಕೆ ದುಡ್ಡು ಕೊಟ್ಟು ತಿನ್ನುತ್ತಾರೆ ಎಂಬುದೇ ಅವಳ ಪ್ರಶ್ನೆ. ಚಾಕೊಲೇಟಿನೊಳಗೆ ಅದನ್ನು ಹೇಗೆ ತುಂಬುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ತುಂಬುವುದಿಲ್ಲವಂತೆ. ಇಂಥ ಬಾರುಗಳಲ್ಲಿ ಒಳಗಿನ ಹೂರಣವನ್ನು ಮೊದಲು ಕತ್ತರಿಸಿ, ಪಟ್ಟಿಯ ಮೇಲೆ ಸಾಗಿಸಿ, ಮೇಲಿನಿಂದ ಪರದೆಯ ಹಾಗೆ ಸುರಿಯುವ ಚಾಕೊಲೇಟಿನಡಿ ಹಾಯಿಸುತ್ತಾರೆ. "ಸುಕ್ಕಿನುಂಡೆಯನ್ನು ಹಿಟ್ಟಲ್ಲಿ ಅದ್ದಿದ ಹಾಗೆ" ಎಂದಳು. ನನ್ನ ಅರ್ಧ ಗಂಟೆಯ ಸಂಶೋಧನೆ ಅವಳ ಒಂದು ವಾಕ್ಯ.

ಸಕ್ಕರೆ ಜೇನಿನ ಬಣ್ಣಕ್ಕೆ ಬಂತು, ಆಮೇಲೆ ತಾಮ್ರದ ಬಣ್ಣಕ್ಕೆ. ಅಲ್ಲಿಗೆ ಕೆನೆ ಹಾಕಬೇಕಿತ್ತು. ನಾನು ಫೋಟೊ ತೆಗೆದು ಮಗಳಿಗೆ ಕಳಿಸಿ ಬರುವಷ್ಟರಲ್ಲಿ ಹಳೆ ಅಡಕೆಯ ಬಣ್ಣ. ತಣ್ಣನೆ ಕೆನೆ ಬೀಳುತ್ತಲೂ ಬಾಣಲೆ ಬುಸ್ಸೆಂದು ಹೆಡೆ ಎತ್ತಿತು. ತಣ್ಣೀರಿಗೆ ಬಿಟ್ಟ ಹನಿ ಉಂಡೆಯಾಗಲಿಲ್ಲ, ಟಣ್ ಎಂದಿತು. ತಟ್ಟೆಗೆ ಸುರಿದು ಬೆಳಗ್ಗೆ ನೋಡಿದರೆ ಚಾಕು ಬಾಗಿತು, ಕ್ಯಾರಮೆಲ್ ಬಾಗಲಿಲ್ಲ. ಕೊನೆಗೆ ಕುಟ್ಟಾಣಿಯಲ್ಲಿ ಒಡೆದು ಒಂದು ಚೂರು ಬಾಯಿಗಿಟ್ಟೆ. ಮೊದಲು ಕಲ್ಲು, ಹತ್ತು ನಿಮಿಷದ ಮೇಲೆ ಅಂಟು. ಜಗಿಯುತ್ತ ಹೋದ ಹಾಗೆ ನಡುವೆ ಗಟ್ಟಿಯಾಗಿ ಏನೋ ಸಿಕ್ಕಿತು. ಬಾದಾಮಿ ಎಂದು ಖುಷಿಯಾಯಿತು. ಬಾದಾಮಿ ಹಾಕಿಯೇ ಇರಲಿಲ್ಲ ಎಂದು ಆಮೇಲೆ ಹೊಳೆಯಿತು. ಅಂಗೈಗೆ ಉಗಿದು ನೋಡಿದರೆ, ಕಂದು ಪಾಕದ ನಡುವೆ ಪಳಪಳ ಹೊಳೆಯುತ್ತ, ನನ್ನ ದವಡೆಹಲ್ಲಿನ ಕ್ಯಾಪು.

ದಂತವೈದ್ಯರು ಅದನ್ನು ಬಿಡಿಸಲು ಬಿಸಿನೀರಿನಲ್ಲಿ ನೆನೆಹಾಕಿದರು. ಏನು ತಿಂದಿರಿ ಎಂದರು. ಮನೆಯಲ್ಲೇ ಮಾಡಿದ್ದು ಎಂದೆ, ಅಂಗಡಿಯದ್ದಲ್ಲ ಎಂಬ ಹೆಮ್ಮೆಯಿಂದ. "ಕ್ಯಾಪು ನಾವು ಮಾಡಿದ್ದು, ನೀವು ಮಾಡಿದ್ದೇ ಗಟ್ಟಿಯಾಗಿದೆ" ಎಂದು ಮತ್ತೆ ಅಂಟಿಸಿ, ಕೆಲವು ದಿನ ಅಂಟಿನ ಪದಾರ್ಥ ಬಾಯಿಗೆ ತರಕೂಡದು ಎಂದು ಹೇಳಿ ಕಳಿಸಿದರು.

14 ಶುಕ್ರವಾರವಾಗಿತ್ತು. ಬೆಳಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಕೆಂಗುಲಾಬಿ ಕೊಂಡೆ. ಒಂದೇ ಸಾಕಾ ಅಂಕಲ್ ಎಂದ ಹೂವಿನ ಹುಡುಗ. ಆ 'ಅಂಕಲ್' ಕೇಳಿ ಮೊದಲ ಸಲ ಎದೆ ಉಬ್ಬಿತು, ಪದವಿಯಲ್ಲವೇ. ಮಗಳು ಬಿಟ್ಟುಹೋದ ಹಳದಿ ಟೀಶರ್ಟು ಹಾಕಿಕೊಂಡು, ಗುಲಾಬಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತೆ. ಅವಳು ತಲೆಗೆ ಸ್ನಾನ ಮಾಡಿ, ಹೊಸ್ತಿಲಿಗೆ ರಂಗೋಲಿ ಹಾಕಿ, ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಗುಲಾಬಿ ನೋಡಿ ಮುಖ ಅರಳಿತು. "ಹೂ ತರಲು ಹೇಳುವುದನ್ನೇ ಮರೆತಿದ್ದೆ, ನಿಮಗೆ ಹೇಗೆ ನೆನಪಾಯಿತು?" ಎಂದು ತೆಗೆದುಕೊಂಡು ಹೋಗಿ ಲಕ್ಷ್ಮಿಯ ಫೋಟೊಕ್ಕೆ ಮುಡಿಸಿದಳು.

ಫೋಟೊ ತೆಗೆದು ಮಗಳಿಗೆ ಕಳಿಸಿದೆ: ನಿಮ್ಮ ಪ್ರೇಮಿಗಳ ದಿನ ಇಲ್ಲಿಗೆ ಮುಗಿಯಿತು. "ಅಪ್ಪಾ ಪ್ಲೀಸ್ ಸ್ಟೇಟಸ್‌ಗೆ ಹಾಕ್ಬೇಡಿ" ಎಂದು ಅರೆಕ್ಷಣದಲ್ಲಿ ಉತ್ತರ ಬಂತು. ಆಯುಧ ಕೆಲಸ ಮಾಡುತ್ತಿತ್ತು.

ರಾತ್ರಿ ಊಟವಾದ ಮೇಲೆ ಹೊಸ ಫೈವ್ ಸ್ಟಾರ್ ಒಂದನ್ನು ಅವಳ ಮುಂದಿಟ್ಟೆ. ಈ ಸಲ ಜೇಬಿನಲ್ಲಲ್ಲ, ಫ್ರಿಜ್ಜಿನಿಂದ. ಕನ್ನಡಕ ಏರಿಸಿ ಹೊದಿಕೆಯ ಹಸಿರು ಚುಕ್ಕೆ ನೋಡಿದಳು, ತಾರೀಕು ನೋಡಿದಳು, ತುದಿ ಹರಿದಳು. ಒಂದು ಕಡೆ ಕಚ್ಚಿ ಬಾರನ್ನು ನಿಧಾನವಾಗಿ ಎಳೆದಳು. ತುಟಿಗೂ ಬಾರಿಗೂ ನಡುವೆ ಕ್ಯಾರಮೆಲ್ಲಿನ ಒಂದು ಸಣ್ಣ ದಾರ ಉದ್ದವಾಗುತ್ತ, ದೀಪದ ಬೆಳಕಿಗೆ ಜೇನಿನ ಬಣ್ಣಕ್ಕೆ ತಿರುಗಿ, ಜೋತುಬಿದ್ದು, ತುಂಡಾಯಿತು. ಬೆರಳಿನಲ್ಲಿ ಅದನ್ನು ಎತ್ತಿ, ಹೆಬ್ಬೆರಳಿಗೆ ಒತ್ತಿ, ಬಿಡಿಸಿ ನೋಡಿದಳು.

"ಒಂದೆಳೆ" ಎಂದಳು. "ಇವರ ಪಾಕ ಸಮ ಬಂದಿದೆ."

ನನಗೆ ಹಲ್ಲಿನ ಕಾರಣಕ್ಕೆ ನಿಷೇಧ, ರಕ್ತದ ಕಾರಣಕ್ಕೆ ಮೊದಲೇ ನಿಷೇಧ. ಅವಳು ಒಂದು ಮಾತೂ ಆಡದೆ ಪೂರ್ತಿ ತಿಂದಳು. ಕೊನೆಯ ಚೂರಿಗೆ ಮುಂಚೆ ಒಂದು ಸಲ ನನ್ನ ಮುಖ ನೋಡಿ, ಅದನ್ನೂ ಬಾಯಿಗೆ ಹಾಕಿಕೊಂಡಳು. ಆ ಹೊತ್ತಿಗೆ ಅಕ್ಕ ನೆನಪಾದಳು.

"ಇನ್ನೊಂದು ಉಂಟಾ?" ಎಂದಳು.

ನಾನು ಏನೂ ಮಾಡಲಿಲ್ಲ. ಪೇಪರು ಎತ್ತಿಕೊಂಡು ಕೂತೆ. ಅವಳು ಎದ್ದು, ಬೆರಳು ಚೀಪಿಕೊಳ್ಳುತ್ತ, ಬಾಗಿಲ ಹಿಂದಕ್ಕೆ ಹೋಗಿ ಕೊಡೆ ಬಿಚ್ಚಿದಳು.